ಗಂಟೆ ಕೇಳಿದರೆ ಬರುವ ಸಾಹುಕಾರ

“ಹಿಡೀರಿ, ಯಾರಾದ್ರೂ ಹಿಡೀರಿ ಅದನ್ನ” ಎಂದು ಫೋಟೋಗ್ರಾಫರ್ ಕೂಗುತ್ತಿದ್ದ. ಕೂಗುತ್ತಲೇ ಒಂದರ ಹಿಂದೊಂದು ಫೋಟೋ ಕೂಡ ತೆಗೆಯುತ್ತಿದ್ದ.

ಹಿಡಿಯುವವರು ಯಾರು? ಮದುವೆಗೆ ಬಂದವರೆಲ್ಲ ಹೊಸ ಬಟ್ಟೆ ತೊಟ್ಟು, ಸೆಂಟು ಹಾಕಿಕೊಂಡು ನಿಂತಿದ್ದರು. ಅಂಥ ಬಟ್ಟೆಯಲ್ಲಿ ಕತ್ತೆ ಹಿಡಿಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರಿದು ಅಂಗಳದ ನಡುವೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟರು. ಆ ಜಾಗದಲ್ಲಿ ಸಾಹುಕಾರ ನಿಂತಿದ್ದ. ಕಲ್ಲಿನ ಗೋದಲಿಯೊಳಗೆ ಮೂತಿ ಇಳಿಬಿಟ್ಟು, ಅದರಲ್ಲಿ ಚಂದವಾಗಿ ಜೋಡಿಸಿಟ್ಟಿದ್ದ ಬಿಳಿ ಹೂಗಳನ್ನು ಕರಕರ ತಿನ್ನುತ್ತಿದ್ದ.

ಮದುಮಗ, ಮದುಮಗಳು ಇನ್ನೂ ಗಂಟೆಯ ಹಗ್ಗ ಹಿಡಿದುಕೊಂಡೇ ಇದ್ದರು. ಇಬ್ಬರೂ ಸೇರಿ ಅದನ್ನು ಬಾರಿಸಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ.

ಸಾಹುಕಾರ ಎಂದರೆ ಒಂದು ಬೂದು ಬಣ್ಣದ ಮುದಿ ಕತ್ತೆ. ಅವನು ಕೆಲಸ ಮಾಡುವುದು ಬಿಟ್ಟು ವರ್ಷಗಳೇ ಆಗಿದ್ದವು. ಬೆಳಗಿನಿಂದ ಸಂಜೆಯವರೆಗೆ ಹಿಂದಿನ ಹುಲ್ಲುಗಾವಲಿನಲ್ಲಿ ನಿಂತು ನೊಣ ಓಡಿಸುವುದೊಂದೇ ಅವನ ಉದ್ಯೋಗ. ಅದಕ್ಕೇ ಆ ಮನೆಯ ತಾತ ಅವನಿಗೆ ಆ ಹೆಸರಿಟ್ಟಿದ್ದ.

ಜನರ ಸಂದಿಯಲ್ಲಿ ನುಸುಳಿಕೊಂಡು ತಾತನ ಮೊಮ್ಮಗಳು ಕಡ್ಡಿ ಓಡಿ ಬಂದಳು. ಕಡ್ಡಿಗೆ ಇನ್ನೊಂದು ಒಳ್ಳೆಯ ಹೆಸರೂ ಇತ್ತು, ಆದರೆ ಅದು ಶಾಲೆಯ ಹಾಜರಿಗೆ ಮಾತ್ರ. ತೆಳ್ಳಗೆ ಉದ್ದಕ್ಕೆ ಬೆಳೆದದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳು ಕಡ್ಡಿಯೇ.

“ಏಯ್ ಸಾಹುಕಾರ, ಬಾರೋ ಈ ಕಡೆ. ಮಾನ ಕಳೀಬೇಡ” ಎಂದು ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು. ಕುತ್ತಿಗೆಗೆ ಕೈ ಹಾಕಿ ಎಳೆದಳು. ಸಾಹುಕಾರ ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ಅಪ್ಪ ಹಿಂದಿನಿಂದ ನೂಕಿ, ಕಡ್ಡಿ ಮುಂದಿನಿಂದ ಕ್ಯಾರೆಟ್ ತೋರಿಸಿ, ಹೇಗೋ ಅವನನ್ನು ಅಂಗಳದಿಂದ ಹೊರಗೆ ಸಾಗಿಸಿದರು. ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಪಾಪ, ಬಿಡಿ. ಅವರೂ ನಮ್ಮ ಗೆಸ್ಟು” ಎಂದಳು.

ಕಡ್ಡಿಯ ಅಮ್ಮ ಮಾತ್ರ ನಗಲಿಲ್ಲ. ಖಾಲಿಯಾದ ಗೋದಲಿಯನ್ನೇ ನೋಡುತ್ತ ನಿಂತಳು. ಬೆಳಿಗ್ಗೆಯಿಂದ ಕೂತು ಆ ಹೂ ಜೋಡಿಸಿದವಳು ಅವಳೇ.

ಇಲ್ಲಿ ಆ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅದು ತಾತನ ತಾತ ಕಟ್ಟಿಸಿದ ದೊಡ್ಡ ತೋಟದ ಮನೆ. ಗೋಡೆ ಎಷ್ಟು ದಪ್ಪ ಎಂದರೆ, ಕಿಟಕಿಯ ಕಟ್ಟೆಯ ಮೇಲೆ ಕಡ್ಡಿ ಕಾಲು ಚಾಚಿ ಮಲಗಬಹುದಿತ್ತು. ಒಂದು ಕಾಲಕ್ಕೆ ಅಲ್ಲಿ ಮನುಷ್ಯರಿಗಿಂತ ಎತ್ತು, ಹಸು, ಕತ್ತೆಗಳೇ ಹೆಚ್ಚಾಗಿದ್ದವಂತೆ. ಆಮೇಲೆ ತಾತನ ಮಂಡಿ ಸೋತಿತು. ಅಪ್ಪ ಕಲಿತದ್ದು ಕರೆಂಟಿನ ಕೆಲಸ, ಅವನಿಗೆ ನೇಗಿಲು ಹಿಡಿಯಲು ಬರುತ್ತಿರಲಿಲ್ಲ. ಹೊಲಗಳನ್ನು ಅಕ್ಕಪಕ್ಕದವರು ಉಳಲು ಶುರುಮಾಡಿದರು. ಪ್ರಾಣಿಗಳು ಒಂದೊಂದಾಗಿ ಬೇರೆಯವರ ಮನೆಗೆ ಹೋದವು. ಸಾಹುಕಾರನೊಬ್ಬ ಉಳಿದ. ಅವನನ್ನು ಯಾರೂ ಕೇಳಲಿಲ್ಲ.

ಖಾಲಿ ಮನೆಗೆ ಜೀವ ತಂದವಳು ಅಮ್ಮ. ಅವಳ ಸ್ನೇಹಿತೆಯೊಬ್ಬಳು ಈ ಕಲ್ಲಿನ ಗೋಡೆ ನೋಡಿ ಮರುಳಾಗಿ, ತನ್ನ ಮದುವೆಯನ್ನು ಇಲ್ಲೇ ಮಾಡಿಕೊಂಡಳು. ಅವಳ ಮದುವೆ ನೋಡಿ ಇನ್ನೊಬ್ಬರು ಬಂದರು, ಅವರನ್ನು ನೋಡಿ ಮತ್ತೊಬ್ಬರು. ನೋಡನೋಡುತ್ತಿದ್ದಂತೆ ಕಣಜದ ಕೋಣೆ ಊಟದ ಹಾಲ್ ಆಯಿತು. ದನದ ಕೊಟ್ಟಿಗೆ ಮದುಮಗಳ ಮೇಕಪ್ ರೂಮ್ ಆಯಿತು. ಅಪ್ಪ ಅದರ ಕನ್ನಡಿಯ ಸುತ್ತ ಸಾಲಾಗಿ ಬಲ್ಬು ಹಾಕಿದ. ಅಂಗಳದಲ್ಲಿ ಮೇವು ಹಾಕುತ್ತಿದ್ದ ಕಲ್ಲಿನ ಗೋದಲಿಗಳನ್ನು ಅಮ್ಮ ಉಜ್ಜಿ ತೊಳೆದು ಅವುಗಳಲ್ಲಿ ಹೂ ತುಂಬಿಸಿದಳು.

ಮನೆಯವರು ಈಗ ಇದ್ದದ್ದು ಅಡುಗೆಮನೆಯ ಹಿಂದಿನ ಮೂರು ರೂಮುಗಳಲ್ಲಿ. ಮದುವೆಯ ದಿನ ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ, ಜಗಲಿಯ ಮೇಲೆ ಸ್ಕೂಲ್ ಬ್ಯಾಗ್ ಎಸೆಯುವಂತಿಲ್ಲ, ಟೀವಿ ಜೋರು ಮಾಡುವಂತಿಲ್ಲ. “ನಮ್ಮನೇಲಿ ನಾವೇ ಕಳ್ಳರ ಥರ ಓಡಾಡ್ಬೇಕು” ಎಂದು ಕಡ್ಡಿ ಗೊಣಗುತ್ತಿದ್ದಳು. ಆದರೆ ಉಳಿದ ಕೇಕ್ ತಿನ್ನುವಾಗ ಗೊಣಗುವುದನ್ನು ಮರೆತುಬಿಡುತ್ತಿದ್ದಳು.

ಅಂಗಳದ ಕಮಾನಿನಲ್ಲಿ ಒಂದು ಹಳೆಯ ಕಂಚಿನ ಗಂಟೆಯೂ ಇತ್ತು. ಹಗ್ಗ ಕೊಳೆತು ಹೋಗಿ ಅದು ಎಷ್ಟೋ ವರ್ಷದಿಂದ ಸುಮ್ಮನೆ ನೇತಾಡುತ್ತಿತ್ತು. ಈ ವರ್ಷ ಅಪ್ಪ ಅದಕ್ಕೆ ಹೊಸ ಹಗ್ಗ ಕಟ್ಟಿದ. ಮದುವೆ ಮುಗಿದ ಕೂಡಲೇ ಗಂಡು ಹೆಣ್ಣು ಇಬ್ಬರೂ ಸೇರಿ ಗಂಟೆ ಬಾರಿಸಿದರೆ ಎಷ್ಟು ಚಂದ ಎಂದು ಅಮ್ಮನಿಗೆ ಹೊಳೆದಿತ್ತು. ನಿಜವಾಗಿಯೂ ಚಂದವಾಗಿಯೇ ಇತ್ತು. ಕತ್ತೆ ಬರುತ್ತದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

“ಬೇಲಿ ಸಡಿಲ ಆಗಿತ್ತು. ಏನೋ ಅಕಸ್ಮಾತ್ ಬಂದಿದ್ದಾನೆ” ಎಂದ ಅಪ್ಪ. ಮುಂದಿನ ಮದುವೆಗೆ ಬೇಲಿ ಬಿಗಿ ಮಾಡಿ, ಸಾಹುಕಾರನನ್ನು ಮರಕ್ಕೆ ಕಟ್ಟಿಹಾಕಿದ.

ಗಂಟೆ ಬಾರಿಸಿದ ಕೂಡಲೇ ಸಾಹುಕಾರ ಅರಚಲು ಶುರುಮಾಡಿದ. ಕತ್ತೆ ಅರಚುವುದು ಕೇಳಿದವರಿಗೇ ಗೊತ್ತು. ಹಾಡುವವರು ಹಾಡು ನಿಲ್ಲಿಸಿದರು. ತೊಟ್ಟಿಲ ಕೂಸುಗಳು ಎದ್ದು ಅಳತೊಡಗಿದವು. ಅಷ್ಟಕ್ಕೇ ಮುಗಿಯಲಿಲ್ಲ. ಹಗ್ಗ ಕಿತ್ತುಕೊಂಡು, ಬೇಲಿ ಮುರಿದುಕೊಂಡು, ಸಾಹುಕಾರ ಅಂಗಳಕ್ಕೆ ಓಡಿಯೇ ಬಂದ. ಅವನ ಹಿಂದೆ ಎಳೆದುಕೊಂಡು ಬಂದ ಹಗ್ಗ ಸ್ಪೀಕರಿನ ಕಾಲಿಗೆ ಸುತ್ತಿಕೊಂಡಿತು. ಸ್ಪೀಕರ್ ಹೋಗಿ ಕೇಕಿನ ಮೇಜಿನ ಮೇಲೆ ಬಿತ್ತು. ಕೇಕು ಹೋಗಿ ನೆಲಕ್ಕೆ ಬಿತ್ತು.

ಈ ಸಲ ಯಾರೂ ನಗಲಿಲ್ಲ. ಮದುಮಗಳು ಮುಖ ಮುಚ್ಚಿಕೊಂಡು ಅತ್ತಳು. ಮದುಮಗನ ಸೋದರಮಾವ ಅಮ್ಮನ ಎದುರು ಬಂದು ನಿಂತ.

“ಏನ್ರೀ ಇದು? ನಾವು ಮದುವೆಗೆ ಬಂದಿದ್ದೀವೋ, ಸರ್ಕಸ್ಸಿಗೆ ಬಂದಿದ್ದೀವೋ? ಮಕ್ಕಳ ಜೀವನದಲ್ಲಿ ಒಂದೇ ಸಲ ಬರೋ ದಿನ ಇದು. ನಿಮಗೆ ಒಂದು ಕತ್ತೆ ಕಾಯೋಕೆ ಆಗ್ಲಿಲ್ವಾ?”

“ತಪ್ಪಾಯ್ತು ಸರ್. ತಪ್ಪಾಯ್ತು” ಎಂದಳು ಅಮ್ಮ. ಅವಳ ತಲೆ ಬಾಗಿತ್ತು. ಎಂಥವರಿಗೂ ತಟಕ್ಕನೆ ಉತ್ತರ ಕೊಡುವ ಅಮ್ಮ ಹೀಗೆ ನಿಂತದ್ದನ್ನು ಕಡ್ಡಿ ಯಾವತ್ತೂ ನೋಡಿರಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ಮಾತು ತೆಗೆದಳು.

“ಕುರಿ ಅಕ್ಕನಿಗೆ ಹೇಳಿ ಕಳಿಸ್ತೀನಿ. ಸಾಹುಕಾರ ಅಲ್ಲಿಗೆ ಹೋಗ್ಲಿ.”

ಕುರಿ ಅಕ್ಕ ಎಂದರೆ ಗುಡ್ಡದ ಆ ಕಡೆ ಕುರಿ ಸಾಕಿಕೊಂಡಿದ್ದ ಹೆಂಗಸು. ಅವಳ ಕುರಿಗಳ ಜೊತೆ ಎರಡು ಕತ್ತೆಗಳೂ ಮೇಯುತ್ತಿದ್ದವು. ಕತ್ತೆಗಳಿದ್ದರೆ ಬೀದಿನಾಯಿಗಳು ಕುರಿಗಳ ಹತ್ತಿರ ಸುಳಿಯುವುದಿಲ್ಲ.

ಕಡ್ಡಿ ಓಡಿ ಬಂದು ಅಮ್ಮನ ಸೆರಗು ಹಿಡಿದಳು. “ಅಮ್ಮ, ಬೇಡ ಅಮ್ಮ. ಅವನು ಅಲ್ಲಿಗೆ ಹೋಗಿ ಏನು ಮಾಡ್ತಾನೆ? ಅಲ್ಲಿ ಅವನಿಗೆ ಯಾರ ಪರಿಚಯ ಇದೆ? ನಾನು ಹುಟ್ಟೋಕಿಂತ ಮುಂಚೆಯಿಂದ ಇಲ್ಲೇ ಇದ್ದಾನೆ.”

“ಮತ್ತೆ ನಾನೇನು ಮಾಡ್ಲಿ ಹೇಳು? ಕಟ್ಟಿದ್ರೆ ಅರಚ್ತಾನೆ, ಬಿಟ್ರೆ ಬರ್ತಾನೆ.”

“ಗಂಟೆ ಬಾರಿಸೋದು ನಿಲ್ಸಿ.”

“ಬರೋರೆಲ್ಲ ಆ ಗಂಟೆ ಫೋಟೋ ನೋಡ್ಕೊಂಡೇ ಬರ್ತಾರೆ ಕಣೇ. ಬುಕ್ ಮಾಡಿದೋರಿಗೆಲ್ಲ ಗಂಟೆ ಇದೆ ಅಂತ ಮಾತು ಕೊಟ್ಟಾಗಿದೆ.”

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತಾತ ಆಗ ಬಾಯಿಬಿಟ್ಟ. “ಅದು ಊಟದ ಗಂಟೆ ಕಣಮ್ಮ. ನಮ್ಮ ಕಾಲದಲ್ಲಿ ಗೋದಲಿಗೆ ಮೇವು ತುಂಬಿಸಿ ಗಂಟೆ ಹೊಡೀತಿದ್ವಿ. ಎಲ್ಲಿದ್ರೂ ಬಂದ್ಬಿಡ್ತಿದ್ವು. ಊಟಕ್ಕೆ ಕರೆದೋರು ನೀವು. ಅವನ ತಟ್ಟೇಲಿ ಹೂವು ಬಡಿಸಿದೋರೂ ನೀವು. ಈಗ ಯಾಕಪ್ಪಾ ಬಂದೆ ಅಂದ್ರೆ ಅವನು ಏನು ಹೇಳ್ಬೇಕು?”

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಪ್ಪನಿಗೆ ನಗು ಬಂತು, ಅಮ್ಮನ ಮುಖ ನೋಡಿ ನುಂಗಿಕೊಂಡ.

“ಹಾಗಾದ್ರೆ ಅವನದ್ದೇನೂ ತಪ್ಪಿಲ್ಲ” ಎಂದಳು ಕಡ್ಡಿ. “ನಾನು ಅವನಿಗೆ ಟ್ರೇನಿಂಗ್ ಕೊಡ್ತೀನಿ. ಗಂಟೆ ಹೊಡೆದ್ರೂ ಬರದೇ ಇರೋ ಹಾಗೆ ಮಾಡ್ತೀನಿ. ಪ್ಲೀಸ್ ಅಮ್ಮ. ಪ್ರಾಮಿಸ್.”

ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಂದಿನ ಮದುವೆಗೆ ಇನ್ನೂ ಕೆಲವು ವಾರಗಳಿದ್ದವು.

“ಸರಿ. ಒಂದೇ ಮದುವೆ. ಅವತ್ತು ಗಂಟೆ ಹೊಡೆದಾಗ ಅವನು ಹುಲ್ಲುಗಾವಲು ಬಿಟ್ಟು ಆಚೆ ಬರಬಾರದು. ಬಂದ ಅಂದ್ರೆ ಮಾರನೇ ದಿನವೇ ಕುರಿ ಅಕ್ಕನ ಮನೆ. ಆಮೇಲೆ ಅಳಬಾರದು.”

“ಅಳಲ್ಲ” ಎಂದಳು ಕಡ್ಡಿ.

ಟ್ರೇನಿಂಗ್ ಹೇಗೆ ಎಂದು ಹೇಳಿಕೊಟ್ಟವನು ತಾತ. “ಗಂಟೆಗೆ ಬಂದ್ರೆ ಏನೂ ಕೊಡಬೇಡ. ಮೈಯೂ ಸವರಬೇಡ. ಮುಖ ತಿರುಗಿಸ್ಕೊಂಡು ನಿಂತುಬಿಡು. ಮೇವು ಏನಿದ್ರೂ ಹುಲ್ಲುಗಾವಲಲ್ಲೇ ಕೊಡು. ಗಂಟೆಗೂ ಊಟಕ್ಕೂ ಸಂಬಂಧ ಇಲ್ಲ ಅಂತ ಅವನಿಗೆ ಗೊತ್ತಾಗ್ಬೇಕು.”

ಮರುದಿನ ಶಾಲೆಯಿಂದ ಬಂದವಳೇ ಕಡ್ಡಿ ಬ್ಯಾಗ್ ಎಸೆದು ಕೆಲಸ ಶುರುಮಾಡಿದಳು. ಬಕೆಟ್ಟಿನ ತುಂಬ ಹೊಟ್ಟು ಹಾಕಿ, ಮೇಲೆ ಕ್ಯಾರೆಟ್ ಚೂರು ಉದುರಿಸಿ, ಹುಲ್ಲುಗಾವಲಿನಲ್ಲಿ ಸಾಹುಕಾರನ ಮುಂದಿಟ್ಟಳು. ಅವನು ತಿನ್ನಲು ಬಾಯಿ ಹಾಕಿದ ಮೇಲೆ ಬೇಲಿಯ ಬಾಗಿಲು ತೆರೆದಿಟ್ಟು, ಅಂಗಳಕ್ಕೆ ಓಡಿಬಂದು ಗಂಟೆ ಬಾರಿಸಿದಳು.

ಹೊಟ್ಟೆ ತುಂಬ ತಿನ್ನಲು ಇರುವಾಗ ಯಾರು ಬರುತ್ತಾರೆ? ಸಾಹುಕಾರ ಬಂದ. ತುಂಬಿದ ಬಕೆಟ್ ಬಿಟ್ಟು, ಕಿವಿ ನೆಟ್ಟಗೆ ಮಾಡಿಕೊಂಡು, ಎಳೆಗರುವಿನ ಹಾಗೆ ಓಡುತ್ತ ಬಂದ. ಬಂದವನು ಗೋದಲಿಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಖಾಲಿ. ಮೇಕಪ್ ರೂಮಿನ ಬಾಗಿಲಿಗೆ ಹೋಗಿ ಒಳಗೆ ಇಣುಕಿದ. ಊಟದ ಹಾಲಿನ ಕಡೆ ತಿರುಗಿ ನಿಂತ. ಆಮೇಲೆ ಕಡ್ಡಿಯ ಹತ್ತಿರ ಬಂದು ಅವಳ ಕಂಕುಳಿಗೆ ಮೂತಿ ತೂರಿಸಿದ.

ಕಡ್ಡಿ ಮುಖ ತಿರುಗಿಸಿಕೊಂಡಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವನ ಬಿಸಿ ಉಸಿರು ತೋಳಿಗೆ ತಾಗುತ್ತಿತ್ತು. ಹಾಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನಿಂತವರಿಗೇ ಗೊತ್ತು.

“ತುಂಬಿದ ಬಕೆಟ್ ಬಿಟ್ಟು ಖಾಲಿ ಗೋದಲಿ ನೋಡೋಕೆ ಬಂದಿದ್ದಾನಲ್ಲ ತಾತ” ಎಂದಳು ಆಮೇಲೆ. “ಎಂಥಾ ದಡ್ಡ ಇವನು.”

“ಕತ್ತೆ ಅಲ್ವಾ” ಎಂದ ತಾತ. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ. ಅಂಗಳದ ಕಡೆಗೇ ಸುಮಾರು ಹೊತ್ತು ನೋಡುತ್ತ ಕೂತ.

ದಿನಾ ಇದೇ ನಡೆಯಿತು. ಗಂಟೆ, ಓಟ, ಖಾಲಿ ಗೋದಲಿ, ತಿರುಗಿದ ಮುಖ. ಕಡ್ಡಿ ಹೋಮ್‌ವರ್ಕನ್ನೂ ಹುಲ್ಲುಗಾವಲಿನಲ್ಲೇ ಮಾಡತೊಡಗಿದಳು. ಗಣಿತದ ಪುಸ್ತಕದ ಒಂದು ಮೂಲೆಯನ್ನು ಸಾಹುಕಾರ ತಿಂದ. ಕತ್ತೆ ತಿಂತು ಎಂದು ಹೇಳಿದಾಗ ಕ್ಲಾಸೆಲ್ಲ ನಕ್ಕಿತು, ಟೀಚರ್ ನಂಬಲಿಲ್ಲ.

ಶಾಲೆಯಲ್ಲಿ ಊಟದ ಬೆಲ್ ಹೊಡೆದಾಗ ಕಡ್ಡಿ ಒಂದು ದಿನ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡಳು. ಓಡಬಾರದು, ಸುಮ್ಮನೆ ಬೆಂಚಿನ ಮೇಲೆ ಕೂತಿರಬೇಕು ಎಂದುಕೊಂಡಳು. ಬೆಳಿಗ್ಗೆ ಚೆನ್ನಾಗಿ ತಿಂದು ಬಂದಿದ್ದರಿಂದ ಹಸಿವೇನೂ ಇರಲಿಲ್ಲ. ಆದರೂ ಗೆಳತಿಯರೆಲ್ಲ ಡಬ್ಬಿ ಹಿಡಿದು ದಡಬಡ ಓಡುವಾಗ ಅವಳಿಗೆ ಕೂತಿರಲು ಆಗಲೇ ಇಲ್ಲ. ಎದ್ದು ಎಲ್ಲರಿಗಿಂತ ಜೋರಾಗಿ ಓಡಿದಳು.

ಕ್ರಮೇಣ ಸಾಹುಕಾರನ ಓಟ ನಡಿಗೆಯಾಯಿತು. ಆಮೇಲೆ ಅಪ್ಪ ಗಂಟೆ ಬಾರಿಸಿದ, ಕಡ್ಡಿ ಹುಲ್ಲುಗಾವಲಿನಲ್ಲೇ ಅವನ ಪಕ್ಕ ನಿಂತಳು. “ನಿಲ್ಲು ಸಾಹುಕಾರ, ನಿಲ್ಲು ಮಗನೇ” ಎಂದು ಕುತ್ತಿಗೆ ತಟ್ಟಿದಳು. ನಿಂತರೆ ಕ್ಯಾರೆಟ್. ಒಂದು ದಿನ ಅವನು ಬೇಲಿಯ ತನಕ ಹೋಗಿ ವಾಪಸ್ ಬಂದ. ಕಡ್ಡಿ ಖುಷಿಯಿಂದ ಕುಣಿದಾಡಿಬಿಟ್ಟಳು.

ಮದುವೆಯ ದಿನ ಬಂತು. ಅಂಗಳದ ತುಂಬ ಜನ. ಅಮ್ಮ ಕೆಲಸದ ನಡುವೆಯೂ ಎರಡು ಸಲ ಹಿಂದಿನ ಬಾಗಿಲಿಗೆ ಬಂದು ಇಣುಕಿ ಹೋದಳು. ಅವಳ ಮುಖ ಬಿಳಿಚಿಕೊಂಡಿತ್ತು. ಕಡ್ಡಿ ಹುಲ್ಲುಗಾವಲಿನಲ್ಲಿ, ಜೇಬಿನ ತುಂಬ ಕ್ಯಾರೆಟ್ ಇಟ್ಟುಕೊಂಡು, ಸಾಹುಕಾರನ ಪಕ್ಕ ನಿಂತಿದ್ದಳು. ಹಗ್ಗ ಕಟ್ಟಿರಲಿಲ್ಲ.

ಗಂಟೆ ಹೊಡೆಯಿತು.

ಸಾಹುಕಾರ ತಲೆ ಎತ್ತಿದ. ಎರಡೂ ಕಿವಿ ನೆಟ್ಟಗಾದವು. ಮುಂಗಾಲು ಒಂದು ಹೆಜ್ಜೆ ಮುಂದೆ ಬಂತು.

ಗಂಟೆ ಇನ್ನೊಮ್ಮೆ ಹೊಡೆಯಿತು. ಅಂಗಳದಲ್ಲಿ ಜನ ಹೋ ಎಂದು ಕೂಗಿದರು, ಚಪ್ಪಾಳೆ ತಟ್ಟಿದರು. ಸಾಹುಕಾರ ಆ ಕಡೆ ನೋಡಿದ. ಕಡ್ಡಿಯ ಮುಖ ನೋಡಿದ. ಆಮೇಲೆ ಎತ್ತಿದ್ದ ಕಿವಿಗಳನ್ನು ಮೆಲ್ಲಗೆ ಇಳಿಸಿ, ತಲೆ ತಗ್ಗಿಸಿ, ಅಲ್ಲೇ ನಿಂತುಬಿಟ್ಟ.

ಅವನು ಹೋಗಲಿಲ್ಲ. ಕಡ್ಡಿ ಗೆದ್ದಿದ್ದಳು.

ಅವಳು ಕ್ಯಾರೆಟ್ ತೆಗೆದು ಅವನ ಬಾಯಿಗೆ ಹಿಡಿದಳು. ಸಾಹುಕಾರ ಅದನ್ನು ಮೂಸಿ ನೋಡಿದ, ತೆಗೆದುಕೊಳ್ಳಲಿಲ್ಲ. ಕ್ಯಾರೆಟ್ ಹುಲ್ಲಿನ ಮೇಲೆ ಬಿತ್ತು. ಕಡ್ಡಿ ಕುಣಿಯಬೇಕೆಂದು ಬೆಳಿಗ್ಗೆಯಿಂದ ಕಾದಿದ್ದಳು. ಈಗ ಕಾಲೇ ಏಳಲಿಲ್ಲ.

ಕೋಲೂರಿಕೊಂಡು ತಾತ ಬೇಲಿಯ ಹತ್ತಿರ ಬಂದ. “ಗೆದ್ದೆಯಲ್ಲ ಕಂದ.”

“ಹೂಂ.”

“ಮತ್ತೆ ಮುಖ ಯಾಕೆ ಹೀಗಿದೆ?”

ಕಡ್ಡಿ ಬಿದ್ದ ಕ್ಯಾರೆಟ್ ಎತ್ತಿಕೊಂಡಳು. “ತಾತ, ಅವನು ಮೇವಿಗೋಸ್ಕರ ಬರ್ತಿರಲಿಲ್ಲ ಅಲ್ವಾ? ಮೇವು ಇಲ್ಲೇ ಇರ್ತಿತ್ತು. ಅದನ್ನ ಬಿಟ್ಟು ಬರ್ತಿದ್ದ.”

ತಾತ ಬೇಲಿಗೆ ಒರಗಿಕೊಂಡ. “ಆಗೆಲ್ಲ ಗಂಟೆ ಹೊಡೆದ್ರೆ ಅಂಗಳ ತುಂಬಿಹೋಗ್ತಿತ್ತು ಮಗು. ಎತ್ತುಗಳು ಬರ್ತಿದ್ವು, ಹಸು ಕರು ಬರ್ತಿದ್ವು. ಆಳುಗಳೂ ಬಂದು ಕಟ್ಟೆ ಮೇಲೆ ಊಟಕ್ಕೆ ಕೂರ್ತಿದ್ರು. ಇವನಿಗೆ ಜೊತೆಗೆ ಎರಡು ಹೆಣ್ಣು ಕತ್ತೆ ಇದ್ವು. ಅವೆರಡರ ಮಧ್ಯೆ ಜಾಗ ಮಾಡ್ಕೊಂಡು ತೂರ್ಕೊಳ್ತಿದ್ದ. ಅವು ಬಾಯಿ ಹಾಕೋ ತನಕ ಇವನು ತಿಂತಿರಲಿಲ್ಲ.”

“ಅವನ್ನ ಮಾರಿದ್ದು ಇವನಿಗೆ ಗೊತ್ತಾ?”

“ಕತ್ತೆಗೆ ಹೆಂಗಮ್ಮ ಹೇಳೋದು ಅದನ್ನೆಲ್ಲ?”

ಆದರೆ ಕಡ್ಡಿಗೆ ಗೊತ್ತಾಯಿತು. ಅದನ್ನು ಅವನಿಗೆ ಹೇಳಿದ್ದು ತಾನೇ. ದಿನಾ ಸಂಜೆ ಗಂಟೆ ಬಾರಿಸಿ, ಖಾಲಿ ಅಂಗಳ ತೋರಿಸಿ, ಮುಖ ತಿರುಗಿಸಿಕೊಂಡು ನಿಂತು, ತಾನು ಹೇಳಿದ್ದು ಅದನ್ನೇ: ಇನ್ನು ಯಾರೂ ಬರಲ್ಲ ಸಾಹುಕಾರ, ನಿನ್ನವರು ಯಾರೂ ಇಲ್ಲ. ಇಷ್ಟು ದಿನ ಅವನು ನಂಬಿರಲಿಲ್ಲ. ಇವತ್ತು ನಂಬಿದ.

ಅವಳು ಅವನ ಕುತ್ತಿಗೆಗೆ ಮುಖ ಒತ್ತಿಕೊಂಡು ಅತ್ತಳು. ಸಾಹುಕಾರನ ಮೈ ಬಿಸಿಲಿಗೆ ಬೆಚ್ಚಗಿತ್ತು. ತಾತ ಬೇಲಿಯ ಆಚೆಯಿಂದ ಕೈ ಚಾಚಿ ಅವಳ ತಲೆಯ ಮೇಲಿಟ್ಟ.

ಮದುವೆಯವರೆಲ್ಲ ಹೋದ ಮೇಲೆ ಅಮ್ಮ ಹಿಂದಿನ ಮೆಟ್ಟಿಲ ಮೇಲೆ ಉಸ್ಸಪ್ಪಾ ಎಂದು ಕೂತಳು. ಅವಳ ಮುಖದಲ್ಲಿ ಆಯಾಸವೂ ಇತ್ತು, ಸಂತೋಷವೂ ಇತ್ತು. ಕಡ್ಡಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂರಿಸಿಕೊಂಡಳು.

“ಭಲೇ ಕಣೇ. ನಾನು ನಿಜವಾಗ್ಲೂ ಅಂದ್ಕೊಂಡಿರಲಿಲ್ಲ. ಇನ್ನು ಸಾಹುಕಾರ ಇಲ್ಲೇ ಇರ್ಲಿ. ಆಯ್ತಾ?”

“ಅಮ್ಮ, ಕುರಿ ಅಕ್ಕನ ಹತ್ರ ಕೇಳು” ಎಂದಳು ಕಡ್ಡಿ.

ಅಮ್ಮ ಅವಳ ಕಡೆ ತಿರುಗಿದಳು. “ಈಗ್ಯಾಕೆ? ಅವನು ಕಲಿತ್ನಲ್ಲ.”

“ಕಲಿತ. ಅದಕ್ಕೇ.”

ಆಮೇಲೆ ಅವಳು ತಾತ ಹೇಳಿದ್ದನ್ನೆಲ್ಲ ಹೇಳಿದಳು. ಹೇಳುವಾಗ ಮೂಗು ಸೋರುತ್ತಿತ್ತು. ಅಮ್ಮ ಸೆರಗಿನಿಂದ ಒರೆಸಿದಳು.

“ಇಲ್ಲೇ ಇನ್ನೊಂದು ಕತ್ತೆ ತಂದ್ರೆ ಆಗಲ್ವಾ?” ಎಂದು ಕಡ್ಡಿ ಒಮ್ಮೆ ಕೇಳಿ ನೋಡಿದಳು.

“ಮದುವೆ ಇದ್ದಾಗೆಲ್ಲ ಎರಡನ್ನೂ ಬಚ್ಚಿಡೋಕಾಗುತ್ತಾ ಮಗಳೇ? ಅಲ್ಲಿ ಗುಡ್ಡ ಪೂರ್ತಿ ಇದೆ ಅವಕ್ಕೆ” ಎಂದಳು ಅಮ್ಮ. ಹೇಳಿ, ಕಡ್ಡಿಯ ಮುಖ ನೋಡದೆ ತನ್ನ ಕಾಲಬೆರಳು ನೋಡುತ್ತ ಕೂತಳು. “ಇಷ್ಟು ವರ್ಷ ಅವನು ಒಬ್ಬನೇ ಅಲ್ಲಿ ನಿಂತಿದ್ದ. ನಾನು ಕಿಟಕಿಯಿಂದ ದಿನಾ ನೋಡ್ತಿದ್ದೆ. ಆರಾಮಾಗಿದ್ದಾನೆ ಅಂದ್ಕೊಂಡಿದ್ದೆ ಕಣೇ.”

ಹೊರಡುವ ದಿನ ಅಮ್ಮ ಒಂದು ಕೆಲಸ ಮಾಡಿದಳು. ಯಾರಿಗೂ ಹೇಳದೆ ಅಂಗಳದ ಗೋದಲಿಯನ್ನು ಖಾಲಿ ಮಾಡಿ, ಅದರಲ್ಲಿ ಹೊಟ್ಟು, ಹಸಿ ಹುಲ್ಲು, ಕ್ಯಾರೆಟ್ ತುಂಬಿಸಿದಳು. ಅಪ್ಪ ಸಾಹುಕಾರನನ್ನು ಕರೆತಂದ. ಸಾಹುಕಾರ ಗೋದಲಿ ನೋಡಿದ, ಎಲ್ಲರ ಮುಖ ನೋಡಿದ, ಸುಮ್ಮನೆ ನಿಂತ.

“ಈಗ ಅವನು ಒಬ್ಬನೇ ತಿನ್ನಲ್ಲ” ಎಂದಳು ಕಡ್ಡಿ. ಗೋದಲಿಯಿಂದ ಒಂದು ಕ್ಯಾರೆಟ್ ತೆಗೆದು ಕಟುಂ ಎಂದು ಕಚ್ಚಿದಳು. ಅಪ್ಪನೂ ಒಂದು ತೆಗೆದುಕೊಂಡ. ಅಮ್ಮ ಅತ್ತಿತ್ತ ನೋಡಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಾನೂ ಒಂದು ಕಚ್ಚಿದಳು. ಹಲ್ಲಿಲ್ಲದ ತಾತ ಕೈಯಲ್ಲಿ ಹಿಡಿದುಕೊಂಡು ನಿಂತ, ಸುಮ್ಮನೆ ಬಾಯಿ ಆಡಿಸಿದ. ಆಗ ಸಾಹುಕಾರ ಗೋದಲಿಗೆ ಮೂತಿ ಇಳಿಸಿದ.

ಗುಡ್ಡದ ದಾರಿಯಲ್ಲಿ ಕಡ್ಡಿಯೇ ಹಗ್ಗ ಹಿಡಿದು ಮುಂದೆ ನಡೆದಳು. ಅಮ್ಮ ಅಪ್ಪ ಹಿಂದೆ ಬಂದರು. ತಾತನಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಗೇಟಿನಲ್ಲೇ ಸಾಹುಕಾರನ ಹಣೆ ಸವರಿ, “ಹೋಗಿ ಬಾ ಮಾರಾಯ” ಎಂದು ಒಳಗೆ ಹೋಗಿಬಿಟ್ಟಿದ್ದ.

ಕುರಿ ಅಕ್ಕ ತನ್ನ ಕಲ್ಲುಬೇಲಿಯ ಬಾಗಿಲಲ್ಲಿ ಕಾಯುತ್ತಿದ್ದಳು. ದಪ್ಪ ಕಂಬಳಿ ಹೊದ್ದ ದೊಡ್ಡ ಮೈ, ದೊಡ್ಡ ದನಿ. “ಬಂದ್ಯಾ ಸಾಹುಕಾರ? ಇಲ್ಲಿ ಯಾವ ಸಾಹುಕಾರಿಕೆಯೂ ನಡೆಯಲ್ಲ ನೋಡು” ಎಂದು ನಗುತ್ತ ಅವನ ಬೆನ್ನು ತಟ್ಟಿದಳು.

ಒಳಗೆ ಅವಳ ಎರಡು ಕತ್ತೆಗಳು ನಿಂತಿದ್ದವು. ಒಂದು ಕಂದು, ಇನ್ನೊಂದು ಕರಿ. ಕಡ್ಡಿ ಹಗ್ಗ ಬಿಚ್ಚಿದಳು. ಸಾಹುಕಾರ ಅಲ್ಲೇ ನಿಂತ. ಮೂಗಿನ ಹೊಳ್ಳೆ ಅರಳಿಸಿ ಗಾಳಿ ಮೂಸಿದ. ಕರಿ ಕತ್ತೆ ಬಂದು ಅವನ ಕುತ್ತಿಗೆಯನ್ನು ಕಚ್ಚಲು ನೋಡಿತು.

“ಅಯ್ಯೋ, ಕಚ್ಚುತ್ತೆ” ಎಂದಳು ಕಡ್ಡಿ.

“ಯಾವೂರು, ಏನು ಅಂತ ವಿಚಾರಿಸ್ತಿದೆ ಅಷ್ಟೇ. ಸುಮ್ನಿರು” ಎಂದಳು ಕುರಿ ಅಕ್ಕ.

ಸಾಹುಕಾರನೂ ತಿರುಗಿ ಕಚ್ಚಲು ನೋಡಿದ. ಆಮೇಲೆ ತಲೆ ಎತ್ತಿ ಅರಚಿದ. ಅಷ್ಟು ಉದ್ದದ, ಅಷ್ಟು ಜೋರಿನ ಅರಚಾಟವನ್ನು ಕಡ್ಡಿ ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವನು ಮುಗಿಸುವಷ್ಟರಲ್ಲಿ ಕಂದು ಕತ್ತೆ ಶುರುಮಾಡಿತು, ಅದರ ಹಿಂದೆ ಕರಿಯದು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡ. ಕುರಿಗಳಿಗೆ ಇದೆಲ್ಲ ಮಾಮೂಲು, ಅವು ತಮ್ಮ ಪಾಡಿಗೆ ಮೇಯುತ್ತಿದ್ದವು.

ಕುರಿ ಅಕ್ಕ ಮರದ ಉದ್ದನೆಯ ತೊಟ್ಟಿಗೆ ಮೇವು ಸುರಿದಳು. ಕಂದು ಕತ್ತೆ ಮತ್ತು ಕರಿ ಕತ್ತೆ ಅಕ್ಕಪಕ್ಕ ಬಂದು ನಿಂತವು. ಸಾಹುಕಾರ ಸ್ವಲ್ಪ ದೂರದಲ್ಲಿ ನಿಂತು ನೋಡಿದ. ಒಂದು ಹೆಜ್ಜೆ ಹತ್ತಿರ ಬಂದ, ನಿಂತ. ಆಮೇಲೆ ಅವೆರಡರ ಮಧ್ಯೆ ತಲೆ ತೂರಿಸಿ, ಭುಜ ತೂರಿಸಿ, ಜಾಗ ಮಾಡಿಕೊಂಡ. ಕಂದು ಕತ್ತೆ ಸ್ವಲ್ಪ ಸರಿಯಿತು. ಮೂರು ಬಾಲಗಳು ನೊಣ ಓಡಿಸತೊಡಗಿದವು.

ಕಡ್ಡಿ ಬೇಲಿಯ ಕಲ್ಲು ಹಿಡಿದುಕೊಂಡು ನೋಡುತ್ತಿದ್ದಳು. ಅವನು ಒಂದು ಸಲ ತಿರುಗಿ ನೋಡಬಹುದು ಎಂದು ಕಾದಳು. ಅವನು ತಿರುಗಲಿಲ್ಲ. ಅವಳಿಗೆ ಸಿಟ್ಟು ಬಂತು, ಅಳು ಬಂತು. ಎರಡೂ ಬಂದು ಹೋದವು.

“ಹೊತ್ತಾಯ್ತು, ಹೊರಡೋಣ್ವಾ?” ಎಂದಳು ಅಮ್ಮ ಮೆತ್ತಗೆ.

ಕುರಿ ಅಕ್ಕ ಕಡ್ಡಿಯ ಮುಖ ನೋಡಿದಳು. “ಒಂದು ಸಲ ಕರೆದು ಮಾತಾಡಿಸಿ ಹೋಗು ಮಗಳೇ. ನಿನ್ನ ದನಿ ಕೇಳಿದ್ರೆ ಓಡಿ ಬರ್ತಾನೆ.”

ಬರುತ್ತಾನೆ ಎಂದು ಕಡ್ಡಿಗೂ ಗೊತ್ತಿತ್ತು. ಬಾಯಿ ತೆರೆದಳು. ಅವನ ಹೆಸರು ನಾಲಿಗೆಯ ಮೇಲೇ ಇತ್ತು.

“ಬೇಡ ಅಕ್ಕ” ಎಂದಳು. “ಊಟಕ್ಕೆ ಕೂತಿದ್ದಾರೆ.”

ಆಮೇಲೆ ಬೇಲಿಯ ಬಾಗಿಲು ಎಳೆದುಕೊಂಡು, ಸದ್ದಾಗದ ಹಾಗೆ ಚಿಲಕ ಹಾಕಿದಳು.